ಒಂದೇ ಸೆಷನ್‌ನಲ್ಲಿ ಎರಡು ಪೈಥಾನ್

1986ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಕಟ್ಟಲು ಕೂತರು. ಅದಕ್ಕೆ ಏನೇನು ಗೊತ್ತಿರಬೇಕು ಅಂತ ಬಳಸುವವರೇ ತೀರ್ಮಾನಿಸಲಿ ಎಂಬುದು ಅವರ ಹಟ. ನಿಮ್ಮದೇ ಫಂಕ್ಷನ್ ಬರೆಯಿರಿ, ಓಡುತ್ತಿರುವ ಸರ್ವರ್‌ನ ಒಳಕ್ಕೇ ಲೋಡ್ ಮಾಡಿ! ಎಂಥ ಧೈರ್ಯ ನೋಡಿ. ಮುಂದೆ ಅದೇ ಬಾಗಿಲಿನಿಂದ ಟಿಸಿಎಲ್ ಬಂತು, ಪರ್ಲ್, ಪೈಥಾನ್, ಕಡೆಗೆ ಜಾವಾನೂ ಬಂತು.

ಈ ಭಾಷೆಗಳು ಸರ್ವರ್ ಒಳಕ್ಕೆ ಬರುವುದು ಶೇರ್ಡ್ ಲೈಬ್ರರಿಗಳಾಗಿ, ತೊಡಕು ಶುರುವಾದದ್ದೂ ಅವುಗಳಿಂದಲೇ. ಹತ್ತಾರು ಪ್ರೋಗ್ರಾಂಗಳು ಒಂದೇ ಪ್ರತಿ ಹಂಚಿಕೊಂಡು ಮೆಮೊರಿ ಉಳಿಸಲಿ ಅಂತ ಹುಟ್ಟಿದವು ಅವು. ಆದರೆ ಲಿನಕ್ಸ್‌ನಲ್ಲಿ ಅವನ್ನು ಜೋಡಿಸುವ ಲಿಂಕರ್ ಸಾಮಾನ್ಯವಾಗಿ ಬರೀ ಹೆಸರು ನೋಡಿ ಫಂಕ್ಷನ್ ಹುಡುಕುತ್ತದೆ. ಮೊದಲು ಸಿಕ್ಕಿದ್ದೇ ಗಟ್ಟಿ. ಊರಲ್ಲಿ ಇಬ್ಬರು ರಾಮಣ್ಣಂದಿರಿದ್ದರೆ ಹೊಸ ಅಂಚೆಯವನು ಮೊದಲು ಸಿಕ್ಕ ಮನೆಗೇ ಕಾಗದ ಕೊಟ್ಟು ಹೋದ ಹಾಗೆ.

2008ರಲ್ಲಿ ಪೈಥಾನ್ 3 ಬಂತು. ಹಳೆಯ 2ಕ್ಕೂ ಇದಕ್ಕೂ ಹೊಂದುವುದಿಲ್ಲ, ಒಳಗಿನ ಎಷ್ಟೋ ಫಂಕ್ಷನ್‌ಗಳ ಹೆಸರು ಮಾತ್ರ ಅವೇ. 2010ರ ಪೋಸ್ಟ್‌ಗ್ರೆಸ್ 9.0 ಎರಡಕ್ಕೂ ಜಾಗ ಕೊಟ್ಟಿತು. ಒಂದೇ ಸೆಷನ್‌ನಲ್ಲಿ ಅಂದರೆ ಸರ್ವರ್ ಜೊತೆಗಿನ ಒಂದೇ ಸಂಪರ್ಕದಲ್ಲಿ, ಎರಡನ್ನೂ ಕರೆದರೆ? ಹೊಸದು ಕೂಗಿದಾಗ ಹಳೆಯದು ಓಗೊಡಬಹುದು, ಆ ಸೆಷನ್ನಿನ ಪ್ರೋಸೆಸ್ ಕುಸಿದು ಬೀಳಬಹುದು. ಅಷ್ಟಕ್ಕೇ ಮುಗಿಯುವುದಿಲ್ಲ. ಒಂದು ಪ್ರೋಸೆಸ್ ಹಾಗೆ ಸತ್ತರೆ, ಎಲ್ಲವೂ ಹಂಚಿಕೊಂಡಿರುವ ಮೆಮೊರಿ ಕೆಟ್ಟಿರಬಹುದು ಅಂತ ಪೋಸ್ಟ್‌ಗ್ರೆಸ್ ಉಳಿದ ಸೆಷನ್‌ಗಳನ್ನೂ ಕಡಿದು ಹಾಕಿ, ರಿಕವರಿ ಮುಗಿಸಿ ಮತ್ತೆ ಏಳುತ್ತದೆ. ಯಾರೋ ಬರೆದ ಒಂದು ಫಂಕ್ಷನ್ನಿಗೆ ಇಡೀ ಕಚೇರಿಯ ಕೆಲಸ ನಿಂತುಹೋಗುತ್ತದೆ.

ಇದಕ್ಕೆ ಪೋಸ್ಟ್‌ಗ್ರೆಸ್ ಕಟ್ಟುವವರು ಕಂಡುಕೊಂಡ ಉಪಾಯ ನನಗೆ ಬಲು ಅಚ್ಚುಮೆಚ್ಚು. ಎರಡು ಲೈಬ್ರರಿಗಳಿಗೂ ಕಾಣುವ ಕಡೆ ಒಂದು ಪುಟ್ಟ ವೇರಿಯಬಲ್. ಮೊದಲು ಬಂದದ್ದು ಅಲ್ಲಿ 2 ಅಥವಾ 3 ಅಂತ ಬರೆದಿಡುತ್ತಿತ್ತು. ಆಮೇಲೆ ಬಂದದ್ದು ಓದಿ ನೋಡಿ, ಅಂಕಿ ತನ್ನದಲ್ಲದಿದ್ದರೆ ತನ್ನ ಪೈಥಾನನ್ನು ಎಬ್ಬಿಸುವ ಮೊದಲೇ ಆ ಒಂದು ಸೆಷನ್ ಮುಗಿಸುತ್ತಿತ್ತು; ಹೊಸ ಸೆಷನ್ ತೆರೆಯಿರಿ ಅಂತ ಸಲಹೆಯನ್ನೂ ಕೊಡುತ್ತಿತ್ತು. ಪ್ರತಿ ಸೆಷನ್ನಿಗೂ ತನ್ನದೇ ಪ್ರೋಸೆಸ್ ಇರುವುದರಿಂದ, ಬೇರೆ ಬೇರೆ ಸೆಷನ್‌ಗಳಲ್ಲಿ ಎರಡೂ ಸುಖವಾಗಿರಬಹುದಿತ್ತು. ಒಬ್ಬರ ತಪ್ಪಿಗೆ ಎಲ್ಲರೂ ಬೀಳದ ಹಾಗೆ ನೋಡಿಕೊಂಡರಲ್ಲ, ಆ ಕಾಳಜಿಗೆ ಕೈಮುಗಿಯಬೇಕು.

2020ರ ಜನವರಿ 1ಕ್ಕೆ ಪೈಥಾನ್ 2ರ ಬೆಂಬಲ ನಿಂತಿತು. 2022ರಲ್ಲಿ ಪೋಸ್ಟ್‌ಗ್ರೆಸ್ 15 ಅದನ್ನು ಕೈಬಿಟ್ಟಿತು. ನನ್ನ ಬೇಸರ ಇರುವುದು ಇಲ್ಲೇ: ಈ ಜೋಡಿಯ ಜಗಳ ನಿಂತಿತು, ಹೆಸರು ನೋಡಿ ಹುಡುಕುವ ಪದ್ಧತಿ ಹಾಗೇ ಉಳಿಯಿತು. ಎರಡು ಎಕ್ಸ್‌ಟೆನ್ಷನ್‌ಗಳು, ಅಂದರೆ ಪೋಸ್ಟ್‌ಗ್ರೆಸ್‌ಗೆ ಹೊರಗಿನಿಂದ ಸೇರಿಸುವ ಭಾಗಗಳು, ಒಂದೇ ಲೈಬ್ರರಿಯ ಎರಡು ಆವೃತ್ತಿ ಹೊತ್ತು ತಂದರೆ ತಡೆಯಲು ಸಾಮಾನ್ಯವಾಗಿ ಅಂಥ ವೇರಿಯಬಲ್ ಇರುವುದಿಲ್ಲ. ಸರ್ವರ್ ನೋಡಿಕೊಳ್ಳುವವರು ಯಾರಾದರೂ ಕೇಳುತ್ತಿದ್ದರೆ, ಹೊಸ ಎಕ್ಸ್‌ಟೆನ್ಷನ್ ಹಾಕುವ ಮುಂಚೆ ಎಲ್‌ಡಿಡಿ ಕಮಾಂಡ್ ಕೊಟ್ಟು ಅದರ ಬೆನ್ನಿಗೆ ಯಾವ ಯಾವ ಲೈಬ್ರರಿ ಬರುತ್ತವೆ ಅಂತ ದಯವಿಟ್ಟು ನೋಡಿಕೊಳ್ಳಿ.