ತೆರೆದ ಬಾಗಿಲು, ಉಳಿದ ಗೋಡೆ

(ಚರ್ಚೊಂದರ ಯುವಜನ ಸಂಘದ ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



‘ಚರ್ಚು ಎಲ್ಲರದೂ ಹೌದು ಎಂಬುದು ಕಣ್ಣಿಗೆ ಕಾಣುವುದು ಹೇಗೆ?’ ಎಂಬ ವಿಷಯದ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದೀರಿ. ನಾನು ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದವನಲ್ಲ, ಧರ್ಮಶಾಸ್ತ್ರ ಓದಿದವನೂ ಅಲ್ಲ. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮುಗಿಸಿ ವರದಿಗಾರನಾದವನು. ಕಂಡದ್ದು, ಕೇಳಿದ್ದು, ಓದಿದ್ದು, ಇಷ್ಟೇ ನನ್ನ ಬಂಡವಾಳ. ಆದ್ದರಿಂದ ಕಂಡದ್ದರಿಂದಲೇ ಆರಂಭಿಸುತ್ತೇನೆ.

ಒಮ್ಮೆ ಸಣ್ಣ ಊರೊಂದರ ಚರ್ಚಿನ ಹಬ್ಬದ ವರದಿಗೆ ಹೋಗಿದ್ದೆ. ಗೇಟಿನ ಮೇಲೆ ‘ಸರ್ವರಿಗೂ ಸುಸ್ವಾಗತ’ ಎಂಬ ದೊಡ್ಡ ಬಟ್ಟೆ ಫಲಕ. ಒಳಗೆ ಮುಂದಿನ ಬೆಂಚುಗಳಲ್ಲಿ ಜಾಗ ಖಾಲಿ ಇತ್ತು. ಆದರೂ ವಯಸ್ಸಾದ ಒಬ್ಬರು ಹಿಂಬಾಗಿಲ ಪಕ್ಕ ನೆಲದ ಮೇಲೆ ಕುಳಿತಿದ್ದರು. “ಅಜ್ಜೀ, ಮುಂದೆ ಬೆಂಚು ಖಾಲಿ ಇದೆಯಲ್ಲಾ” ಎಂದೆ. “ನಮ್ಮ ಜಾಗ ಇದೇ ಕಣಪ್ಪಾ. ನಮ್ಮವ್ವನೂ ಇಲ್ಲೇ ಕೂರ್ತಿದ್ಲು” ಎಂದರು. ಅವರನ್ನು ಅಂದು ಯಾರೂ ತಡೆದಿರಲಿಲ್ಲ. ಗೇಟಿನಲ್ಲಿ ಸ್ವಾಗತದ ಫಲಕವೂ ಇತ್ತು. ಆದರೆ ಅವರ ತಾಯಿಯ ಕಾಲದಲ್ಲಿ ಯಾರೋ ತೋರಿಸಿದ್ದ ಜಾಗ ಮಗಳ ಮುಪ್ಪಿನವರೆಗೂ ಹಾಗೆಯೇ ಉಳಿದಿತ್ತು.

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಜನರನ್ನು ಹೊರಗಿಟ್ಟದ್ದು ಬರೀ ಮನಸ್ಸಲ್ಲ. ಗೋಡೆ, ಬಾಗಿಲು, ಬಟ್ಟಲು, ಸಮಾಧಿ ಇವೇ ಹೊರಗಿಟ್ಟವು. ಹಾಗಿರುವಾಗ ಒಳಗೆ ಕರೆಯುವುದೂ ಕಣ್ಣಿಗೆ ಕಾಣುವ ವಸ್ತುಗಳ ಮೂಲಕವೇ ಆಗಬೇಕು.

ಇದು ಅತಿಶಯೋಕ್ತಿಯಲ್ಲ ಎಂಬುದಕ್ಕೆ ಇತಿಹಾಸದಲ್ಲಿ ಸಾಕಷ್ಟು ಸಾಕ್ಷಿಗಳಿವೆ. ಹದಿನೆಂಟನೆಯ ಶತಮಾನದಲ್ಲಿ ಪುದುಚೇರಿಯ ಫ್ರೆಂಚರ ಬಳಿ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೆಯವರ ದಿನಚರಿ ಪ್ರಸಿದ್ಧವಾದುದು. ಅಲ್ಲಿನ ಚರ್ಚಿನೊಳಗೆ ದಲಿತ ಕ್ರೈಸ್ತರನ್ನೂ ಇತರರನ್ನೂ ಬೇರ್ಪಡಿಸುವ ಒಂದು ಅಡ್ಡಗೋಡೆ ಇತ್ತು. 1745ರಲ್ಲಿ ಅದನ್ನು ಕೆಡವಿದ್ದನ್ನೂ, ಅದರಿಂದ ಎದ್ದ ಗದ್ದಲವನ್ನೂ ಅವರು ಬರೆದಿಟ್ಟಿದ್ದಾರೆ. ಅಂದರೆ ಈ ಗೋಡೆಯ ಜಗಳಕ್ಕೆ ಕಡಿಮೆಯೆಂದರೂ ಇನ್ನೂರ ಎಂಬತ್ತು ವರ್ಷಗಳ ವಯಸ್ಸಾಯಿತು.

ಪ್ರೊಟೆಸ್ಟೆಂಟ್ ಸಭೆಗಳ ಕಥೆಯೂ ಬೇರೆಯಲ್ಲ. ತಂಜಾವೂರು, ಮದ್ರಾಸುಗಳ ಹಳೆಯ ಸಭೆಗಳಲ್ಲಿ ಮೇಲ್ಜಾತಿಯಿಂದ ಬಂದವರು ಒಂದು ಕಡೆ, ಉಳಿದವರು ಇನ್ನೊಂದು ಕಡೆ ಕೂರುತ್ತಿದ್ದರು. ಪ್ರಭುಭೋಜನದ ಬಟ್ಟಲನ್ನು ಯಾರು ಮೊದಲು ಮುಟ್ಟಬೇಕು, ಯಾರು ಆಮೇಲೆ ಮುಟ್ಟಬೇಕು ಎಂಬುದಕ್ಕೂ ಕ್ರಮವಿತ್ತು. 1833ರಲ್ಲಿ ಕಲ್ಕತ್ತೆಯ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್ ಸುತ್ತೋಲೆ ಹೊರಡಿಸಿ, ಸಭೆಯೊಳಗೆ ಜಾತಿಭೇದಕ್ಕೆ ಎಡೆಯಿಲ್ಲ, ಅದನ್ನು ಕೂಡಲೇ ಬಿಡಬೇಕು ಎಂದು ಆಜ್ಞಾಪಿಸಿದರು. ಪರಿಣಾಮವೇನು? ಮದ್ರಾಸಿನ ವೇಪೇರಿಯಲ್ಲಿ ಅನೇಕರು ಸಭೆಯನ್ನೇ ಬಿಟ್ಟು ಹೊರನಡೆದರು. ತಂಜಾವೂರಿನ ಪ್ರಸಿದ್ಧ ಕ್ರೈಸ್ತ ಕವಿ ವೇದನಾಯಗಂ ಶಾಸ್ತ್ರಿಗಳೂ ಆಜ್ಞೆಯನ್ನು ವಿರೋಧಿಸಿದರು. ಒಂದೇ ದೇವರು, ಒಂದೇ ಬೈಬಲ್ ಎಂದು ಒಪ್ಪಿದವರಿಗೂ ಒಂದೇ ಬಟ್ಟಲು ಕಷ್ಟವಾಯಿತು.

ಈ ಪೈಕಿ ಅತ್ಯಂತ ವಿಚಿತ್ರವಾದುದು ತಿರುನೆಲ್ವೇಲಿ ಜಿಲ್ಲೆಯ ವಡಕ್ಕನ್‌ಕುಳಂ ಎಂಬ ಊರಿನ ಕ್ಯಾಥೊಲಿಕ್ ಚರ್ಚು. ಅಲ್ಲಿನ ವೆಳ್ಳಾಳ ಕ್ರೈಸ್ತರೂ ನಾಡಾರ್ ಕ್ರೈಸ್ತರೂ ಒಟ್ಟಿಗೆ ಕೂರಲು ಒಪ್ಪದ ಕಾರಣ 1870ರ ದಶಕದಲ್ಲಿ ಚರ್ಚನ್ನೇ ಎರಡು ಸಭಾಂಗಣಗಳಾಗಿ ಕಟ್ಟಲಾಯಿತು. ಎರಡೂ ಬೇರೆ ಬೇರೆ ದಿಕ್ಕಿನಿಂದ ಬಂದು ಒಂದೇ ಬಲಿಪೀಠದ ಬಳಿ ಕೂಡುತ್ತವೆ. ಪೂಜೆ ಮಾಡುವ ಪಾದ್ರಿ ಎರಡೂ ಕಡೆಯವರಿಗೆ ಕಾಣುತ್ತಿದ್ದರು, ಆದರೆ ಅವರು ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ! ಕಟ್ಟಡದ ಆಕಾರ ನೋಡಿ ಜನ ಅದಕ್ಕೆ ‘ಷರಾಯಿ ಕೋವಿಲ್’ ಎಂಬರ್ಥದ ಅಡ್ಡಹೆಸರಿಟ್ಟರು. 1910ರಲ್ಲಿ ಚರ್ಚಿನ ಅಧಿಕಾರಿಗಳು ನಡುವಿನ ತಡೆಯನ್ನು ತೆಗೆಸಿದಾಗ ವೆಳ್ಳಾಳರು ಕೋರ್ಟಿನ ಮೆಟ್ಟಿಲೇರಿದರು. ಮದ್ರಾಸ್ ಹೈಕೋರ್ಟಿನವರೆಗೂ ಹೋದ ವ್ಯಾಜ್ಯದಲ್ಲಿ ಅವರ ಬೇಡಿಕೆ ನಿಲ್ಲಲಿಲ್ಲ. ಗೋಡೆಯನ್ನು ಕೆಡವಿದ್ದು ಒಂದು ದಿನದ ಕೆಲಸ. ಅದನ್ನು ಕೆಡವಿದ್ದು ಸರಿ ಎಂದು ಸಾಬೀತು ಮಾಡಲು ವರ್ಷಗಳೇ ಬೇಕಾದವು.

ಇವೆಲ್ಲ ಅಜ್ಜಂದಿರ ಕಾಲದ ಮಾತು ಎನ್ನುವಿರಾ? 2008ರ ಮಾರ್ಚ್ ತಿಂಗಳಲ್ಲಿ ತಮಿಳುನಾಡಿನ ವಿಲ್ಲುಪುರಂ ಕಡೆಯ ಎರೈಯೂರಿನಲ್ಲಿ ದಲಿತ ಕ್ರೈಸ್ತರು ತಮಗೆ ಸಮಾನ ಹಕ್ಕಿಲ್ಲದ ಕಾರಣ ಪ್ರತ್ಯೇಕ ಧರ್ಮಕೇಂದ್ರ ಕೊಡಿ ಎಂದು ಕೇಳಿದರು. ಅದು ಘರ್ಷಣೆಗೆ ತಿರುಗಿ, ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ತಿರುಚಿರಾಪಳ್ಳಿಯ ಮೇಲಪುದೂರಿನ ಕ್ಯಾಥೊಲಿಕ್ ಸ್ಮಶಾನದಲ್ಲಿ ದಲಿತರ ಸಮಾಧಿಗಳನ್ನು ಬೇರ್ಪಡಿಸುವ ಗೋಡೆಯ ವಿರುದ್ಧವೂ ವರ್ಷಗಟ್ಟಲೆ ಹೋರಾಟ ನಡೆಯಿತು. ಸತ್ತ ಮೇಲೆ ಎಲ್ಲರೂ ಒಂದೇ ಎಂಬ ಮಾತು ಆ ಗೋಡೆಯ ಮುಂದೆ ಸುಳ್ಳಾಯಿತು.

ತಮಿಳುನಾಡಿನತ್ತ ಬೆರಳು ತೋರಿಸಿ ನಾವು ಸುಮ್ಮನಾಗುವಂತಿಲ್ಲ. ಗೋವೆಯಲ್ಲಿಯೂ ನಮ್ಮ ಕರಾವಳಿಯಲ್ಲಿಯೂ ಮತಾಂತರವಾಗಿ ಶತಮಾನಗಳೇ ಕಳೆದರೂ ಬಾಮಣ್, ಚಾರೊಡಿ, ಸುದಿರ್ ಎಂಬ ಹೆಸರುಗಳು ಮದುವೆಯ ಮಾತುಕತೆಯ ಹೊತ್ತಿಗೆ ನೆನಪಾಗುವುದುಂಟು. ಹಾಗೆಯೇ ಇದು ಕ್ರೈಸ್ತರೊಬ್ಬರ ರೋಗವೂ ಅಲ್ಲ. ಉಡುಪಿಯ ಕನಕನ ಕಿಂಡಿಯ ಮುಂದೆ ನಿಲ್ಲದ ಕನ್ನಡಿಗ ಉಂಟೇ? ಭಕ್ತನಿಗಾಗಿ ಗೋಡೆ ಬಿರಿಯಿತು, ದೇವರೇ ತಿರುಗಿ ದರ್ಶನ ಕೊಟ್ಟ ಎಂಬ ಐತಿಹ್ಯವನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಆ ಕಥೆಯಲ್ಲಿ ದೇವರು ತಿರುಗಿದ, ಬಾಗಿಲಲ್ಲಿದ್ದವರು ಕನಕದಾಸರನ್ನು ಒಳಗೆ ಕರೆದರೆಂದು ಯಾರೂ ಹೇಳುವುದಿಲ್ಲ.

ಇನ್ನೊಂದು ವಿಪರ್ಯಾಸವನ್ನೂ ಗಮನಿಸಬೇಕು. ಪರಿಶಿಷ್ಟ ಜಾತಿಗಳ ಕುರಿತ 1950ರ ರಾಷ್ಟ್ರಪತಿ ಆದೇಶ ಆ ಸೌಲಭ್ಯವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು, ಕ್ರೈಸ್ತ ದಲಿತರಿಗೆ ಸಿಗಲಿಲ್ಲ. ಕ್ರೈಸ್ತ ಧರ್ಮದಲ್ಲಿ ಜಾತಿಯಿಲ್ಲವಲ್ಲ ಎಂಬುದು ಇದಕ್ಕೆ ಕೊಡುತ್ತ ಬಂದ ಕಾರಣ. ಜಾತಿ ಇಲ್ಲ ಎಂದು ಸರ್ಕಾರದ ಕಾಗದ, ಇದೆ ಎಂದು ಸ್ಮಶಾನದ ಗೋಡೆ! ಇವೆರಡರ ನಡುವೆ ಸಿಕ್ಕಿಬಿದ್ದವರ ಪಾಡೇನು?

ಹಾಗೆಂದು ಇತಿಹಾಸದಲ್ಲಿ ಬರೀ ಗೋಡೆಗಳೇ ಇಲ್ಲ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್ ಸಭೆಯೊಳಗೆ ಜಾತಿಗೆ ಜಾಗವಿಲ್ಲ ಎಂದು ಹಟ ಹಿಡಿಯಿತು. ಕ್ರೈಸ್ತರಾದವರು ಕುಲದಿಂದ ಹೊರಬಿದ್ದು ಮನೆ, ಗೇಣಿ, ಕಸುಬು ಎಲ್ಲವನ್ನೂ ಕಳೆದುಕೊಂಡರು. ಆಗ ಮಿಶನ್ ಅವರಿಗೆ ಉಪದೇಶವನ್ನಷ್ಟೇ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಮುದ್ರಣಾಲಯ, ನೇಯ್ಗೆ, 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ, ಹೀಗೆ ದುಡಿಮೆಯ ದಾರಿ ತೆರೆಯಿತು. ಬೇರೆ ಬೇರೆ ಜಾತಿಗಳಿಂದ ಬಂದವರು ಒಂದೇ ಸೂರಿನಡಿ ಮಣ್ಣು ತುಳಿದು, ಹೆಂಚು ಸುಟ್ಟು, ಒಂದೇ ಸಂಬಳದ ಪುಸ್ತಕದಲ್ಲಿ ಸಹಿ ಹಾಕಿದರು. ಆ ಮಿಶನ್ನಿನ ಶಿಸ್ತು, ಬಿಗಿ ಕುರಿತು ಟೀಕೆಗಳಿರಬಹುದು. ಆದರೆ ‘ಬನ್ನಿ’ ಎನ್ನುವವರು ಬಂದವರ ಅನ್ನದ ಹೊಣೆಯನ್ನೂ ಹೊರಬೇಕಾಗುತ್ತದೆ ಎಂಬ ಪಾಠ ಮಂಗಳೂರಿನ ಹೆಂಚುಗಳಲ್ಲಿದೆ.

ಭಾಷೆಯೂ ಒಂದು ಬಾಗಿಲೇ. 1960ರ ದಶಕದವರೆಗೆ ಕ್ಯಾಥೊಲಿಕರ ಪೂಜೆ ನಡೆಯುತ್ತಿದ್ದುದು ಲ್ಯಾಟಿನ್ನಿನಲ್ಲಿ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನಭಾಷೆಗೆ ಅವಕಾಶ ಕೊಟ್ಟ ಮೇಲೆ ಹಳ್ಳಿಯ ಹೆಂಗಸಿಗೂ ಪಾದ್ರಿ ಏನು ಹೇಳುತ್ತಿದ್ದಾರೆಂಬುದು ತಿಳಿಯಿತು. ಆ ಬಳಿಕವೂ ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡಕ್ಕೆ ಸ್ಥಾನ ಕೊಡಿ ಎಂದು ಕನ್ನಡ ಕ್ರೈಸ್ತರು ದಶಕಗಳ ಕಾಲ ಚಳವಳಿ ಮಾಡಬೇಕಾಯಿತು. ತನ್ನ ಊರಿನಲ್ಲಿ ತನ್ನ ಮಾತಿನಲ್ಲಿ ಪ್ರಾರ್ಥಿಸಲು ಸಮಯಪಟ್ಟಿಯಲ್ಲಿ ಜಾಗ ಸಿಗದವನು ತಾನು ಹೊರಗಿನವನೆಂದು ಭಾವಿಸಿದರೆ ತಪ್ಪೇನು?

‘ದೇವರು ನೋಡುವುದು ಅಂತರಂಗವನ್ನು, ಹೊರಗಿನ ಗುರುತುಗಳೇಕೆ?’ ಎಂದು ಕೆಲವರು ಕೇಳುತ್ತಾರೆ. ದೇವರು ಅಂತರಂಗ ನೋಡಬಹುದು. ಆದರೆ ಬಾಗಿಲಲ್ಲಿ ಅಳುಕಿ ನಿಂತ ಮನುಷ್ಯನಿಗೆ ನಿಮ್ಮ ಅಂತರಂಗ ಕಾಣುವುದಿಲ್ಲ. ಅವನಿಗೆ ಕಾಣುವುದು ನಿಮ್ಮ ಮುಖ, ನಿಮ್ಮ ಬೆಂಚು, ನಿಮ್ಮ ಮೆಟ್ಟಿಲು. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಕಾರಾಗೃಹಕ್ಕೆ ಹೋಗಿ, ಪಾದ ತೊಳೆಯುವ ವಿಧಿಯಲ್ಲಿ ಹುಡುಗಿಯರ ಹಾಗೂ ಮುಸ್ಲಿಮರ ಪಾದಗಳನ್ನೂ ತೊಳೆದರು. ಆ ಒಂದು ದೃಶ್ಯ ಅದೆಷ್ಟೋ ಪ್ರವಚನಗಳಿಗಿಂತ ಹೆಚ್ಚು ದೂರ ತಲುಪಿತು. ಅದೇ ವರ್ಷ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ತನ್ನ ಮೊದಲ ಮಹಿಳಾ ಬಿಷಪ್ ಆಗಿ ಎಗ್ಗೋಣಿ ಪುಷ್ಪಲಲಿತಾ ಅವರನ್ನು ನಂದ್ಯಾಲಕ್ಕೆ ನೇಮಿಸಿತು. 2022ರಲ್ಲಿ ಹೈದರಾಬಾದಿನ ಆರ್ಚ್‌ಬಿಷಪ್ ಆಂಥೋನಿ ಪೂಲಾ ದಲಿತ ಸಮುದಾಯದಿಂದ ಬಂದ ಮೊದಲ ಕಾರ್ಡಿನಲ್ ಆದರು. ಪೀಠದ ಮೇಲೆ ತನ್ನಂಥವರೊಬ್ಬರನ್ನು ಕಂಡ ಮಗು ‘ಇದು ನನ್ನದೂ ಹೌದು’ ಎಂದುಕೊಳ್ಳುತ್ತದೆ.

ಆದರೆ ಗುರುತು ಬರೀ ಅಲಂಕಾರವಾಗುವ ಅಪಾಯವೂ ಇದೆ. ಇಲ್ಲಿ ದೂರದ ಒಂದು ಉದಾಹರಣೆ ಉಪಯೋಗಕ್ಕೆ ಬರುತ್ತದೆ. ಅಮೆರಿಕದ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಎಂಬ ಪಂಗಡ, ಸಲಿಂಗಿಗಳನ್ನು ಸ್ವಾಗತಿಸುತ್ತೇವೆಂದು ಬಹಿರಂಗವಾಗಿ ಸಾರಿರಿ ಎಂದು 1985ರಲ್ಲಿ ತನ್ನ ಸಭೆಗಳಿಗೆ ಕರೆ ಕೊಟ್ಟಿತು. ಹಾಗೆ ಸಾರುವ ಸಭೆಗಳು ಮೊದಲು ತಮ್ಮೊಳಗೆ ಕುಳಿತು ಓದಿ, ವಾದಿಸಿ, ಮತ ಹಾಕುತ್ತವೆ. ಫಲಕ ಬರುವುದು ಕೊನೆಗೆ. ಆ ಪ್ರಶ್ನೆಯಲ್ಲಿ ಕ್ರೈಸ್ತ ಪಂಗಡಗಳ ನಡುವೆ ತೀವ್ರ ಭಿನ್ನಾಭಿಪ್ರಾಯವಿದೆ, ನಿಮ್ಮಲ್ಲೂ ಇರಬಹುದು. ನಾನು ಹೇಳುತ್ತಿರುವುದು ಕ್ರಮದ ಬಗ್ಗೆ. ನಾವು ಸಾಮಾನ್ಯವಾಗಿ ಫಲಕವನ್ನು ಮೊದಲು ಬರೆಸುತ್ತೇವೆ, ಮಾತುಕತೆಯನ್ನು ಮರೆತುಬಿಡುತ್ತೇವೆ.

ಭಾರತದ ಕ್ಯಾಥೊಲಿಕ್ ಬಿಷಪ್‌ಗಳ ಮಂಡಳಿ 2016ರ ಡಿಸೆಂಬರಿನಲ್ಲಿ ದಲಿತ ಸಬಲೀಕರಣದ ನೀತಿಯೊಂದನ್ನು ಪ್ರಕಟಿಸಿತು. ದೇಶದ ಸುಮಾರು 1.9 ಕೋಟಿ ಕ್ಯಾಥೊಲಿಕರಲ್ಲಿ 1.2 ಕೋಟಿ ಮಂದಿ ದಲಿತರು, ಆದರೆ ನಾಯಕತ್ವದಲ್ಲಿ ಅವರು ವಿರಳ, ಅಸ್ಪೃಶ್ಯತೆಯ ಆಚರಣೆ ಚರ್ಚಿನೊಳಗೂ ಇದೆ ಎಂದು ಅದು ಒಪ್ಪಿಕೊಂಡಿತು. ತಪ್ಪನ್ನು ಬಚ್ಚಿಡದೆ ಬರೆದುಕೊಂಡದ್ದು ದೊಡ್ಡ ಮಾತು. ಆದರೆ ದೆಹಲಿಯಲ್ಲಿ ಬಿಡುಗಡೆಯಾದ ಪುಸ್ತಕ ಹಳ್ಳಿಯ ಸ್ಮಶಾನದ ಗೋಡೆಯನ್ನು ತಾನಾಗಿ ಕೆಡವಲಾರದು. ಆ ಕೆಲಸ ಆಯಾ ಊರಿನವರದು, ವಿಶೇಷವಾಗಿ ನಿಮ್ಮಂಥ ಯುವಜನರದು.

ಏನು ಮಾಡಬಹುದು? ನನಗೆ ತೋಚಿದ್ದನ್ನು ಹೇಳುತ್ತೇನೆ. ಮೊದಲನೆಯದಾಗಿ, ಒಂದು ಭಾನುವಾರ ನಿಮ್ಮ ಚರ್ಚಿನ ಸುತ್ತ ಒಂದು ಸುತ್ತು ಬನ್ನಿ. ಒಬ್ಬರೇ ಅಲ್ಲ, ಹಿಂದಿನ ಸಾಲಿನಲ್ಲಿ ಕೂರುವವರನ್ನೂ, ಊರುಗೋಲು ಹಿಡಿದವರನ್ನೂ, ಬರುವುದನ್ನು ಬಿಟ್ಟವರನ್ನೂ ಜೊತೆಗೆ ಕರೆದುಕೊಳ್ಳಿ. ಎಲ್ಲಿ ಕಾಲು ತಡೆಯುತ್ತದೆ, ಎಲ್ಲಿ ಮನಸ್ಸು ತಡೆಯುತ್ತದೆ ಎಂದು ಅವರನ್ನೇ ಕೇಳಿ. ಗಾಲಿಕುರ್ಚಿ ಹತ್ತಲು ಇಳಿಜಾರು ದಾರಿ ಇದೆಯೇ? ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ, ಸಾರ್ವಜನಿಕ ಕಟ್ಟಡ ಎಂಬ ಮಾತಿನಲ್ಲಿ ಧಾರ್ಮಿಕ ಚಟುವಟಿಕೆಯ ಕಟ್ಟಡಗಳನ್ನೂ ಸೇರಿಸಿದೆ ಎಂಬುದು ನೆನಪಿರಲಿ.

ಎರಡನೆಯದಾಗಿ, ಪಟ್ಟಿಗಳನ್ನು ನೋಡಿ. ವಾಚನ ಓದುವವರು, ಹಾಡುವವರು, ಕಾಣಿಕೆ ಎಣಿಸುವವರು, ಸಮಿತಿಯ ಸದಸ್ಯರು ಯಾವ ಓಣಿಯವರು? ಕಸ ಗುಡಿಸುವವರು ಯಾವ ಓಣಿಯವರು? ಹಬ್ಬದ ತೇರು ಯಾವ ಬೀದಿಯ ತುದಿಯಲ್ಲಿ ಹಿಂದಿರುಗುತ್ತದೆ? ಮೂರನೆಯದಾಗಿ, ಸ್ಮಶಾನವೂ ಶವದ ಗಾಡಿಯೂ ಒಂದೇ ಆಗಲಿ. ಇದಕ್ಕೆ ದೊಡ್ಡ ಹಣ ಬೇಡ, ಮನಸ್ಸು ಬೇಕು.

ಬೇರೆ ಬೇರೆ ಮಾಡಿಬಿಟ್ಟರೆ ಜಗಳವೇ ಇರುವುದಿಲ್ಲವಲ್ಲ ಎನ್ನುವವರಿದ್ದಾರೆ. ಅವಮಾನ ತಾಳಲಾರದೆ ಬೇರೆಯಾಗುತ್ತೇವೆ ಎಂದವರನ್ನು ದೂರುವ ಹಕ್ಕು ನಮಗಿಲ್ಲ. ಆದರೆ ಹಾಗೆ ಬರುವ ಶಾಂತಿ ವಡಕ್ಕನ್‌ಕುಳಂನ ಶಾಂತಿ. ಬಲಿಪೀಠ ಒಂದೇ ಆದರೂ ಅಲ್ಲಿ ಒಬ್ಬರ ಮುಖ ಇನ್ನೊಬ್ಬರು ನೋಡುವಂತಿರಲಿಲ್ಲ.

ಹಿಂಬಾಗಿಲ ಬಳಿ ಕುಳಿತ ಆ ಅಜ್ಜಿ ನನಗೆ ಈಗಲೂ ನೆನಪಾಗುತ್ತಾರೆ. ಮುಂದೆ ಬನ್ನಿ ಎಂದು ನಾನು ಕರೆದೆ, ಅವರು ಬರಲಿಲ್ಲ. ನಾನು ಹೊರಗಿನವನು, ನನ್ನ ಕರೆಗೆ ಬೆಲೆಯೇನು? ಆ ಮಾತು ಮುಂದಿನ ಬೆಂಚಿನವರ ಬಾಯಿಂದ ಬರಬೇಕಿತ್ತು. ಅವರು ಎದ್ದು ಹಿಂದಕ್ಕೆ ನಡೆದು, ಕೈಹಿಡಿದು ಎಬ್ಬಿಸಬೇಕಿತ್ತು. ಬರಲು ಸಂಕೋಚವೆಂದರೆ ಅವರ ಪಕ್ಕದಲ್ಲೇ ನೆಲದ ಮೇಲೆ ಕೂರಬೇಕಿತ್ತು. ಅದನ್ನು ಕಂಡ ಅಜ್ಜಿಯ ಮೊಮ್ಮಕ್ಕಳಿಗೆ ‘ನಮ್ಮ ಜಾಗ ಇದೇ’ ಎಂಬ ಮಾತು ಮರೆತೇಹೋಗುತ್ತಿತ್ತು.

ಮುಂದಿನ ಭಾನುವಾರ ನಿಮ್ಮ ಚರ್ಚಿನಲ್ಲಿ ಹಿಂಬಾಗಿಲ ಬಳಿ ಯಾರು ಕುಳಿತಿದ್ದಾರೆಂದು ಒಮ್ಮೆ ತಿರುಗಿ ನೋಡಿ.