ರುಜು ಹಾಕುವ ಮುನ್ನ

(ಮಾದನಾಯಕನಹಳ್ಳಿಯಲ್ಲಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮೇಷ್ಟರ ಕೆಲಸದಲ್ಲಿದ್ದಾಗ ನಾವು ಮಕ್ಕಳಿಗೆ ದಿನವೂ ಹೇಳುತ್ತಿದ್ದ ಮಾತು ಒಂದೇ: ಪ್ರಶ್ನೆಯನ್ನು ಪೂರ್ತಿ ಓದಿ, ಆಮೇಲೆ ಉತ್ತರ ಬರೆಯಿರಿ. ಅದನ್ನೇ ಇಂದು ದೊಡ್ಡವರಿಗೂ ಹೇಳಬೇಕಾಗಿದೆ.

ಮೊನ್ನೆ ಈ ಊರಿನ ಕಿರಾಣಿ ಅಂಗಡಿಯವರೊಬ್ಬರು ಮಗನ ನೇಮಕಾತಿ ಪತ್ರ ಹಿಡಿದು ನಮ್ಮಲ್ಲಿಗೆ ಬಂದರು. ಹುಡುಗ ಐ.ಟಿ.ಐ. ಮುಗಿಸಿದ್ದಾನೆ. ಪೀಣ್ಯದ ಕಡೆ ಒಂದು ಕಾರಖಾನೆಯಲ್ಲಿ ಕೆಲಸ ಸಿಕ್ಕಿದೆ. "ನಾಳೆಯೇ ರುಜು ಹಾಕಬೇಕಂತೆ ಮೇಷ್ಟ್ರೇ, ಒಂದು ಸಲ ನೋಡಿಬಿಡಿ" ಎಂದರು. ಸಂಬಳ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿತ್ತು. ಬೇಡಿ ಇದ್ದದ್ದು ಕೊನೆಯ ಪುಟದ ಸಣ್ಣಕ್ಷರದಲ್ಲಿ. 2 ವರ್ಷ ಕೆಲಸ ಬಿಡಕೂಡದು. ಬಿಟ್ಟರೆ 1 ಲಕ್ಷ ರೂಪಾಯಿ ಕಟ್ಟಬೇಕು. ಬಿಟ್ಟ ಮೇಲೂ 1 ವರ್ಷ ಅದೇ ಬಗೆಯ ಬೇರೆ ಕಾರಖಾನೆಗೆ ಸೇರಕೂಡದು. ಮೂಲ ಅಂಕಪಟ್ಟಿ ಕಚೇರಿಯಲ್ಲಿಡಬೇಕು. ತಂದೆ ಜಾಮೀನು ನಿಲ್ಲಬೇಕು. ದುಡಿಯುವವನು ಮಗ, ಒತ್ತೆ ಬೀಳುವುದು ಅಪ್ಪನ ಅಂಗಡಿ!

"ಇಂಥ ಕರಾರು ಕಾನೂನಿನಲ್ಲಿ ನಿಲ್ಲುವುದಿಲ್ಲ, ರುಜು ಹಾಕಿಬಿಡು" ಎಂದು ಧೈರ್ಯ ಹೇಳುವವರಿದ್ದಾರೆ. ಅದು ಅರ್ಧ ಸತ್ಯ. 1872ರ ಭಾರತೀಯ ಕರಾರು ಕಾಯಿದೆಯ 27ನೆಯ ಕಲಮಿನ ಪ್ರಕಾರ, ನ್ಯಾಯವಾದ ಕಸುಬನ್ನು ತಡೆಯುವ ಕರಾರು ಅಷ್ಟರ ಮಟ್ಟಿಗೆ ಶೂನ್ಯ. ಆದಕಾರಣ ಕೆಲಸ ಬಿಟ್ಟ ಮೇಲೆ ಬೇರೆಡೆ ದುಡಿಯಬೇಡವೆಂಬ ಷರತ್ತನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಎತ್ತಿಹಿಡಿಯುವುದಿಲ್ಲ. ಕಾರಖಾನೆಯ ಗುಟ್ಟು ಹೊತ್ತೊಯ್ಯುವ ಮಾತು ಬೇರೆ. ಆದರೆ ಕೆಲಸದಲ್ಲಿರುವ ಅವಧಿಗೆ ಹಾಕಿದ ಕಟ್ಟು ಹಾಗಲ್ಲ.

ನಮ್ಮ ನಾಡಿನದೇ ಉದಾಹರಣೆ ಕೇಳಿ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಹುದ್ದೆಯೊಂದಕ್ಕೆ 2007ರಲ್ಲಿ ಅಧಿಕಾರಿಯೊಬ್ಬರು ಸೇರಿದರು. 3 ವರ್ಷ ತುಂಬದೆ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬುದು ಷರತ್ತು. 2009ರಲ್ಲಿ ಅವರು ರಾಜೀನಾಮೆ ಕೊಟ್ಟು, ಆಕ್ಷೇಪಣೆಯೊಂದಿಗೆ ಹಣ ಕಟ್ಟಿ, ವ್ಯಾಜ್ಯ ಹೂಡಿದರು. ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. ಆದರೆ 2025ರ ಮೇ 14ರಂದು ಸುಪ್ರೀಂ ಕೋರ್ಟು ಷರತ್ತು ಸರಿಯೆಂದಿತು. ಸರ್ಕಾರಿ ಬ್ಯಾಂಕಿನ ನೇಮಕಾತಿಯ ಖರ್ಚನ್ನೂ, ಆ ಅಧಿಕಾರಿಯ ಹುದ್ದೆ ಸಂಬಳಗಳನ್ನೂ ನೋಡಿ ಮೊತ್ತ ಅತಿಯಾಗಲಿಲ್ಲವೆಂದಿತು.

ಹಾಗೆಂದು ಬರೆದ ಮೊತ್ತವೆಲ್ಲ ತಾನಾಗಿ ಸಲ್ಲುವುದಿಲ್ಲ. ಅದೇ ಕಾಯಿದೆಯ 74ನೆಯ ಕಲಮಿನಂತೆ, ಆ ಮೊತ್ತ ಮೀರದಂತೆ ನ್ಯಾಯವಾದ ಪರಿಹಾರ ಮಾತ್ರ ದೊರೆಯುತ್ತದೆ. ಬ್ಯಾಂಕಿನ ಅಧಿಕಾರಿಗೆ ಅತಿಯಲ್ಲದ್ದು ಲೇತ್ ನಡೆಸುವ ಹುಡುಗನಿಗೆ ಅತಿಯಾಗಬಹುದು. ಆದರೆ ಅದನ್ನು ಸಾಧಿಸಲು ಕೋರ್ಟಿನ ಮೆಟ್ಟಿಲು ಹತ್ತುವವರಾರು? ಆ ಅಧಿಕಾರಿಗೇ ರಾಜೀನಾಮೆಯಿಂದ ಕೊನೆಯ ತೀರ್ಪಿಗೆ ಸುಮಾರು 16 ವರ್ಷ ಹಿಡಿಯಿತು!

ಆದುದರಿಂದ ಗೇಟಿನ ಹೊರಗಿರುವಾಗಲೇ ಕೇಳಿ. ಓದಲು ಎರಡು ದಿನ ಬಿಡುವು ಕೇಳಿ, ಕಾಗದದ ಪ್ರತಿ ಕೇಳಿ. ಏನು ತರಬೇತಿ ಕೊಡುತ್ತೀರಿ, ಅದಕ್ಕೆ ಎಷ್ಟು ಖರ್ಚು? ತಿಂಗಳು ಕಳೆದಂತೆ ಮೊತ್ತ ಇಳಿಯುತ್ತದೆಯೇ? ನೀವೇ ನಮ್ಮನ್ನು ತೆಗೆದರೆ ಆಗಲೂ ಕಟ್ಟಬೇಕೆ? ಅಂಕಪಟ್ಟಿಯ ನಕಲು ಕೊಡಿ, ಮೂಲ ಕೊಡಬೇಡಿ. ಒಪ್ಪಿದ ಮಾತೆಲ್ಲ ಕಾಗದದ ಮೇಲೆ ಬರಲಿ. ಬಾಯಿಮಾತು ಗಾಳಿಗೆ ಹೋಗುತ್ತದೆ.

ಆ ಅಂಗಡಿಯವರು ಮಗನೊಡನೆ ಹೋಗಿ ಇವನ್ನೇ ಕೇಳಿದರು. ಜಾಮೀನು, ಅಂಕಪಟ್ಟಿ ಎರಡನ್ನೂ ಮ್ಯಾನೇಜರು ಹೊಡೆದುಹಾಕಿದರು. 2 ವರ್ಷದ ಕಟ್ಟು ಉಳಿಯಿತು. ಹುಡುಗ ತಿಳಿದೇ ರುಜು ಹಾಕಿದ.

ಪೂರ್ತಿ ಗೆಲುವಲ್ಲ, ನಿಜ. ಒಬ್ಬನೇ ಕೇಳಿದರೆ "ಗೇಟಿನಲ್ಲಿ ಇನ್ನೂ ಹತ್ತು ಜನ ಇದ್ದಾರೆ" ಎಂಬ ಉತ್ತರ ಬರುತ್ತದೆ. ಆ ಹತ್ತೂ ಜನ ಅದೇ ಪ್ರಶ್ನೆ ಕೇಳಿದರೆ? ಹಸಿದವನಿಗೆ ಓದುವ ಪುರುಸೊತ್ತಿಲ್ಲವೆಂಬ ನಂಬಿಕೆಯ ಮೇಲೆ ಆ ಸಣ್ಣಕ್ಷರ ನಿಂತಿದೆ. ಆ ನಂಬಿಕೆಯನ್ನು ಸುಳ್ಳು ಮಾಡೋಣ. ಕಾಗದ ಬಂದರೆ ನಮ್ಮಲ್ಲಿಗೆ ತನ್ನಿ, ಕೂಡಿ ಕೂತು ಓದೋಣ.