ಅತಿ ಸಣ್ಣ ಅಳತೆಗಳು ಮತ್ತು ನಮ್ಮ ಮಕ್ಕಳು



ಉರ್ದು, ಕನ್ನಡ ಕಲಿಸುವವರಿಗೆ ಅಳತೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಉರ್ದು ಮಾಧ್ಯಮದಲ್ಲಿ ಓದಿ ಮುಂದೆ ಕನ್ನಡ ಅಥವಾ ಇಂಗ್ಲಿಷ್ ಮಾಧ್ಯಮ ಸೇರುವ ಮಕ್ಕಳು ಎಡವುವ ಜಾಗಗಳಲ್ಲಿ ಇದೂ ಒಂದು. ಇಲ್ಲಿ ಗಣಿತದ ಜೊತೆಗೆ ಭಾಷೆಯ ತೊಡಕೂ ಇದೆ.

ಉರ್ದುವನ್ನು ಬಲದಿಂದ ಎಡಕ್ಕೆ ಬರೆಯುತ್ತೇವೆ, ಕನ್ನಡವನ್ನು ಎಡದಿಂದ ಬಲಕ್ಕೆ. ಆದರೆ ಸಂಖ್ಯೆಗಳನ್ನು ಎರಡರಲ್ಲೂ ಎಡದಿಂದ ಬಲಕ್ಕೇ ಬರೆಯುತ್ತೇವೆ. ಉರ್ದುವಿನ ಆಶಾರಿಯಾ, ಕನ್ನಡದ ದಶಮಾಂಶ ಬಿಂದು ಒಂದೇ. ಹೀಗಿರುವಾಗ "ಬಿಂದುವನ್ನು ಮುಂದಕ್ಕೆ ಸರಿಸು" ಎಂದರೆ ಮಗು ಯಾವ ಕಡೆ ಸರಿಸಬೇಕು? ಉರ್ದು ಸಾಲಿಗೆ ಮುಂದೆ ಎಂದರೆ ಎಡ, ಕನ್ನಡ ಸಾಲಿಗೆ ಬಲ. ಆದ್ದರಿಂದ ಶಿಕ್ಷಕರು ಮುಂದೆ, ಹಿಂದೆ ಎನ್ನದೆ ಎಡ, ಬಲ ಎಂದೇ ಹೇಳಬೇಕು.

ಈಗ ಮೆಟ್ಟಿಲುಗಳನ್ನು ನೋಡೋಣ. 1 ಮಿಲಿಮೀಟರಿಗೆ 1000 ಮೈಕ್ರೋಮೀಟರ್. 1 ಮೈಕ್ರೋಮೀಟರಿಗೆ 1000 ನ್ಯಾನೋಮೀಟರ್. 1 ನ್ಯಾನೋಮೀಟರಿಗೆ 1000 ಪೀಕೋಮೀಟರ್. ಪ್ರತಿ ಮೆಟ್ಟಿಲಿಗೂ ಬಿಂದು ಮೂರು ಸ್ಥಾನ ಸರಿಯುತ್ತದೆ. ಮಾಪನ ಸಣ್ಣದಾದರೆ ಸಂಖ್ಯೆ ದೊಡ್ಡದಾಗಬೇಕು, ಬಿಂದು ಬಲಕ್ಕೆ. ಮಾಪನ ದೊಡ್ಡದಾದರೆ ಸಂಖ್ಯೆ ಸಣ್ಣದಾಗಬೇಕು, ಬಿಂದು ಎಡಕ್ಕೆ. 5 ರೂಪಾಯಿಯನ್ನು ಪೈಸೆ ಮಾಡಿದರೆ 500 ಆಗುವಂತೆ.

ಯಾದಗಿರಿ, ಶಹಾಪುರ, ಸುರಪುರದ ಮಕ್ಕಳಿಗೆ ಹತ್ತಿಗಿಂತ ಒಳ್ಳೆಯ ಉದಾಹರಣೆ ಬೇಕೆ? ಒಳ್ಳೆಯ ಹತ್ತಿಯ ಒಂದು ಎಳೆ ಸುಮಾರು 30 ಮಿಲಿಮೀಟರ್ ಉದ್ದ, ಸುಮಾರು 15 ಮೈಕ್ರೋಮೀಟರ್ ದಪ್ಪ. ಎಳೆಯ ಉದ್ದ ದಪ್ಪದ ಎಷ್ಟು ಪಟ್ಟು? 30ನ್ನು 15ರಿಂದ ಭಾಗಿಸಿ 2 ಎಂದರೆ ತಪ್ಪು. ಮೊದಲು ಎರಡನ್ನೂ ಒಂದೇ ಮಾಪನಕ್ಕೆ ತರಬೇಕು. 30 ಮಿಲಿಮೀಟರ್ ಎಂದರೆ 30,000 ಮೈಕ್ರೋಮೀಟರ್, ಉತ್ತರ 2000 ಪಟ್ಟು. ಬಿಂದುವನ್ನು ತಪ್ಪು ಕಡೆ ಸರಿಸಿ 15 ಮೈಕ್ರೋಮೀಟರನ್ನು 15,000 ಮಿಲಿಮೀಟರ್ ಎಂದು ಬರೆದರೆ ಎಳೆಯ ದಪ್ಪ 15 ಮೀಟರ್ ಆಯಿತು, ಮನೆಗಿಂತ ದೊಡ್ಡದು! ಸರಿಯಾದ ಉತ್ತರ 0.015 ಮಿಲಿಮೀಟರ್. ಉತ್ತರ ಬಂದ ಮೇಲೆ ವಸ್ತುವನ್ನು ಕಣ್ಣ ಮುಂದೆ ತಂದುಕೊಳ್ಳುವುದು ಒಳ್ಳೆಯ ಪರೀಕ್ಷೆ.

ಈ ಲೆಕ್ಕ ಪುಸ್ತಕಕ್ಕಷ್ಟೇ ಸೀಮಿತವಲ್ಲ. 2022ರ ಡಿಸೆಂಬರ್ 31ರಿಂದ ಕೇಂದ್ರದ ನಿಯಮದಂತೆ ಪ್ಲಾಸ್ಟಿಕ್ ಕೈಚೀಲ 120 ಮೈಕ್ರಾನಿಗಿಂತ ತೆಳುವಾಗಿರಬಾರದು. ಮೈಕ್ರಾನ್ ಎಂಬುದು ಮೈಕ್ರೋಮೀಟರಿನ ಹಳೆಯ ಹೆಸರು, ಅಂದರೆ 0.12 ಮಿಲಿಮೀಟರ್. ಕರ್ನಾಟಕದಲ್ಲಂತೂ 2016ರಲ್ಲೇ ದಪ್ಪ ಎಷ್ಟಿದ್ದರೂ ಇಂಥ ಚೀಲಗಳನ್ನು ನಿಷೇಧಿಸಲಾಯಿತು. ರಕ್ತದ ಕೆಂಪು ಕಣ ಸುಮಾರು 7 ಮೈಕ್ರೋಮೀಟರ್ ಅಗಲ. ಕೊರೋನಾ ವೈರಸ್ ಸುಮಾರು 100 ನ್ಯಾನೋಮೀಟರ್, ಅಂದರೆ 0.1 ಮೈಕ್ರೋಮೀಟರ್. ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಸೇರಬೇಕೆನ್ನುವ ನಮ್ಮ ಹೆಣ್ಣುಮಕ್ಕಳಿಗೆ ಇದು ದಿನನಿತ್ಯದ ಲೆಕ್ಕವಾಗಲಿದೆ.

ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ. ಮಾಧ್ಯಮ ಬದಲಾದಾಗ ಅಂಕ ಕಡಿಮೆ ಬಂದರೆ ಮಗು ದಡ್ಡ ಎಂದು ಶಾಲೆ ಬಿಡಿಸಬೇಡಿ. ಯಾವ ಪದ, ಯಾವ ದಿಕ್ಕು ಅದನ್ನು ತಡೆಯಿತು ಎಂದು ಕೇಳಿ. ಮನೆಯಲ್ಲಿ ಒಂದು ಸ್ಕೇಲು ಕೊಟ್ಟು ಅಳೆಯಲು ಹಚ್ಚಿ.